ಓದುಗರ ಪ್ರಶ್ನೆ: ಶಾಸನಪಾಠವುಳ್ಳ ಪುಸ್ತಕಕ್ಕೆ ಯಾವ ಅಕ್ಷರ?

ಪ್ರಶ್ನೆ: ನಮ್ಮ ಊರಿನ ಇತಿಹಾಸದ ಪುಸ್ತಕವೊಂದನ್ನು ಅಚ್ಚಿಗೆ ಸಿದ್ಧಪಡಿಸಿದ್ದೇವೆ. ಅದರಲ್ಲಿ ಹಳಗನ್ನಡ ಶಾಸನಗಳ ಪಾಠವೂ ಇದೆ. ಡಿಟಿಪಿ ಕರಡಿನಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿವೆ. ನಾಲ್ಕು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ಹಳೆಯ ಅಚ್ಚುಮೊಳೆಯ ಪುಸ್ತಕಗಳ ಹದ ಇಂದಿನ ಯಾವ ಫಾಂಟಿನಲ್ಲಿದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಹೇಳಿದ ಮೊದಲ ದೋಷ ಬಹುಮಟ್ಟಿಗೆ ಫಾಂಟಿನದಲ್ಲ, ಸಾಲುಗಳ ನಡುವಿನ ಅಂತರದ್ದು. ಕನ್ನಡದ ಸಾಲಿನಲ್ಲಿ ಗುಡಿಸು, ಏತ್ವಗಳು ಮೇಲಕ್ಕೂ ಒತ್ತುಗಳು ಕೆಳಕ್ಕೂ ಚಾಚುವುದರಿಂದ, ಇಂಗ್ಲಿಷಿಗೆಂದು ಹೊಂದಿಸಿಟ್ಟ ಅಂತರ ಇಲ್ಲಿ ಸಾಲದು. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂತಹ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿವೆ. ಡೆಮಿ ಆಕಾರದ (ಸಾಮಾನ್ಯ ಪುಸ್ತಕದ ಅಳತೆಯ) ಪುಸ್ತಕಕ್ಕೆ 12 ಪಾಯಿಂಟ್ ಅಕ್ಷರವಿಟ್ಟು ಸಾಲಿನಿಂದ ಸಾಲಿಗೆ 18 ಪಾಯಿಂಟ್ ಕೊಟ್ಟು ಒಂದು ಪುಟ ತೆಗೆಸಿ ನೋಡಿ. ಪುಟಗಳ ಸಂಖ್ಯೆ ಹೆಚ್ಚುತ್ತದೆ, ಕಾಗದದ ಖರ್ಚೂ ಹೆಚ್ಚುತ್ತದೆ. ಆದರೂ ಇಲ್ಲಿ ಉಳಿತಾಯ ಮಾಡಬಾರದು.

ಇನ್ನು ಅಕ್ಷರದ ವಿನ್ಯಾಸ. ಸಾಂಪ್ರದಾಯಿಕ ಪಠ್ಯಾಕ್ಷರದಲ್ಲಿ ಗೆರೆ ಎಲ್ಲೆಡೆ ಒಂದೇ ದಪ್ಪವಾಗಿರುವುದಿಲ್ಲ; ತಿರುವಿನಲ್ಲಿ ತುಂಬಿಕೊಂಡು, ಸೇರುವಲ್ಲಿ ಸಣ್ಣಗಾಗುತ್ತದೆ. ಇದು ಬರಿಯ ಅಲಂಕಾರವಲ್ಲ. ದುಂಡಗಿನ ಅಕ್ಷರಗಳೇ ಹೆಚ್ಚಿರುವ ನಮ್ಮ ಲಿಪಿಯಲ್ಲಿ ಓದುವ ಕಣ್ಣು ಗುರುತು ಹಿಡಿಯುವುದು ಬಹಳ ಚಿಕ್ಕ ಭಾಗಗಳಿಂದ: ದ–ಧಗಳ ನಡುವೆ ಕೆಳಗಿನ ಸೀಳು ಮಾತ್ರ ಬೇರೆ, ‘ಥ’ದೊಳಗೆ ಚುಕ್ಕಿ, ಪ–ಷಗಳ ನಡುವೆ ಹೊಟ್ಟೆಯೊಳಗಿನ ಗೆರೆ. ಮಸಿ ಹೀರುವ ಅಗ್ಗದ ಕಾಗದದಲ್ಲಿ ಮೊದಲು ಮುಚ್ಚಿಹೋಗುವುದೂ ಇವೇ. ಆದ್ದರಿಂದ ಫಾಂಟನ್ನು ಆರಿಸುವಾಗ ‘ಅ ಆ ಇ ಈ’ ನೋಡಿ ಮರುಳಾಗದೆ, ‘ಭ ಢ ಧ ಥ ಷ’ಗಳನ್ನು ನಿಮ್ಮ ಕಾಗದದ ಮೇಲೆಯೇ ಮುದ್ರಿಸಿ ಪರೀಕ್ಷಿಸಿ.

ಶಾಸನಪಾಠಕ್ಕೆ, ಇಂದಿನ ಬರವಣಿಗೆಯಲ್ಲಿ ಬಿಟ್ಟುಹೋಗಿರುವ ಹಳಗನ್ನಡದ ಅಕ್ಷರಗಳಾದ ಱ ಮತ್ತು ೞ ಬೇಕೇ ಬೇಕು. ನಿಮ್ಮ ಸೀಮೆಯ ಅನೇಕ ಶಾಸನಗಳು, ಮಂಡ್ಯವು ಮೈಸೂರು ಜಿಲ್ಲೆಗೇ ಸೇರಿದ್ದ ಕಾಲದಲ್ಲಿ, ಬಿ. ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ (1894) ಅಚ್ಚಾಗಿವೆ, ಪಾಠವನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ಕಂಪ್ಯೂಟರಿನ ಅಕ್ಷರಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಈ ಎರಡಕ್ಕೂ ಸ್ಥಾನವಿದೆ. (ಅಲ್ಲಿ ೞಕಾರಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಇಲ್ಲವಾದ್ದರಿಂದ ಹಾಗೆಯೇ ಉಳಿದಿದೆ.) ಬೇರೆ ಅಕ್ಷರವನ್ನು ತಿದ್ದಿ ೞ ಮಾಡುವುದನ್ನು ದಯವಿಟ್ಟು ಒಪ್ಪಬೇಡಿ.

ಉಚಿತವಾಗಿ ದೊರೆಯುವವುಗಳಲ್ಲಿ ‘ತಿರೋ ಕನ್ನಡ’ ನೀವು ಕೇಳುವ ಹದಕ್ಕೆ ಹತ್ತಿರವಾದುದು. ಅದಕ್ಕೆ ದಪ್ಪ ರೂಪವಿಲ್ಲ. ತಂತ್ರಾಂಶದ ಬೋಲ್ಡ್ ಗುಂಡಿ ಒತ್ತಿದರೆ ಗೆರೆಗಳು ಕೃತಕವಾಗಿ ಉಬ್ಬಿ, ಒಳಗಿನ ಬಿಳುಪು ಹೂತುಹೋಗುತ್ತದೆ. ತಲೆಬರಹಗಳಿಗೆ ಅದೇ ಅಕ್ಷರವನ್ನು ದೊಡ್ಡದಾಗಿ ಬಳಸಿ, ಇಲ್ಲವೇ ಹಲವು ದಪ್ಪಗಳಲ್ಲಿ ಸಿಗುವ ‘ನೋಟೋ ಸೆರಿಫ್ ಕನ್ನಡ’ವನ್ನು ಇಡೀ ಪುಸ್ತಕಕ್ಕೆ ಆರಿಸಿಕೊಳ್ಳಿ.

ಪ್ರಶ್ನೆ: ಇಂತಹ ಅಕ್ಷರವನ್ನು ಲಗ್ನಪತ್ರಿಕೆಗೂ ಅಂಗಡಿಯ ಫಲಕಕ್ಕೂ ಬಳಸಬಹುದೇ?
– ಮೈಸೂರಿನಿಂದ

ಉತ್ತರ: ಲಗ್ನಪತ್ರಿಕೆಯ ಒಳವಿವರಗಳಿಗೆ ಧಾರಾಳವಾಗಿ ಬಳಸಬಹುದು. ಫಲಕಕ್ಕೆ ಬೇಡ, ದೂರದಿಂದ ಸಣ್ಣ ಗೆರೆಗಳು ಕಾಣಿಸುವುದಿಲ್ಲ.