ಹಿತ್ತಲಿನ ಅಣಬೆ ಯಾವ ಕುಟುಂಬದ್ದು?

ಪ್ರಶ್ನೆ: ಮಳೆ ಬಿದ್ದ ಮೇಲೆ ನಮ್ಮ ಹಿತ್ತಲಿನ ಹುಲ್ಲಲ್ಲಿ ದೊಡ್ಡ ಬಿಳಿ ಅಣಬೆಗಳು ಎದ್ದಿವೆ. ಬಲಿತವುಗಳ ಅಡಿ ಸ್ವಲ್ಪ ಹಸಿರು. ಅಂಗಡಿಯ ಬಟನ್ ಅಣಬೆಯ ಕುಟುಂಬದವೇ ಇವು ಎಂದು ಮಗ ಮೊಬೈಲ್ ನೋಡಿ ಹೇಳುತ್ತಾನೆ. ಪಲ್ಯ ಮಾಡಬಹುದಾ ಸರ್? ಹುತ್ತದ ಅಣಬೆಯೂ ಇದೇ ಕುಟುಂಬದ್ದಾ?
– ಓದುಗರೊಬ್ಬರು, ಕುಷ್ಟಗಿ

ಉತ್ತರ: ತಾಯಿ, ಪಲ್ಯದ ಯೋಚನೆ ಬಿಡಿ. ಮಗ ಹೇಳಿದ್ದು ಸರಿಯೇ ಇರಬಹುದು. ಆದರೆ ಒಂದೇ ಕುಟುಂಬದಲ್ಲಿ ತಿನ್ನುವ ಅಣಬೆಯೂ ಇರುತ್ತದೆ, ವಿಷದ್ದೂ ಇರುತ್ತದೆ.

ಬಟನ್ ಅಣಬೆ ಅಗಾರಿಕೇಸಿ ಕುಟುಂಬದ್ದು. ನನ್ನ ಅನುಮಾನ ಅದೇ ಕುಟುಂಬದ ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಮೇಲೆ. ಎಳೆಯದಿದ್ದಾಗ ಇದರ ಕೊಡೆಯಡಿಯ ಪದರುಗಳು ಬಿಳಿ, ಬಲಿತಾಗ ಹಸಿರು. ಬಳ್ಳಾರಿಯಲ್ಲಿ ಪಾಠ ಹೇಳಲು ಸೇರಿದ ಹೊಸತರಲ್ಲಿ ಇಂಥದೇ ಎಳೆಯ ಅಣಬೆ ಹುರಿದು ತಿಂದಿದ್ದೆ. ಎರಡು ಗಂಟೆಯೊಳಗೆ ವಾಂತಿ ಶುರುವಾಯಿತು, ಬೆಳಗಾದರೂ ನಿಲ್ಲಲಿಲ್ಲ. ಅಂದಿನಿಂದ ಬೀಜಕದ, ಅಂದರೆ ಪದರುಗಳಿಂದ ಉದುರುವ ಬೀಜದಂಥ ನುಣ್ಣನೆ ಪುಡಿಯ, ಬಣ್ಣ ನೋಡದೆ ಯಾವ ಅಣಬೆಗೂ ಹೆಸರು ಹೇಳಿಲ್ಲ.

ನೀವೂ ನೋಡಿ. ಅರಳಿದ ಅಣಬೆಯ ಕಾಲು ಕತ್ತರಿಸಿ, ಪದರುಗಳು ಕೆಳಗೆ ಬರುವಂತೆ ಬಿಳಿ ಕಾಗದದ ಮೇಲಿಡಿ. ಬಟ್ಟಲು ಮುಚ್ಚಿ ರಾತ್ರಿ ಸುಮ್ನೆ ಬಿಡಿ. ಬೆಳಿಗ್ಗೆ ಬೀಜಕದ ಪುಡಿ ಉದುರಿರುತ್ತದೆ. ಬಟನ್ ಅಣಬೆಯದು ಕಡು ಕಂದು. ಇದರದು ಮಾಸಲು ಹಸಿರು.

1821ರಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ಅಣಬೆಗಳನ್ನು ವಿಂಗಡಿಸಿದಾಗಲೂ ಈ ಬಣ್ಣವನ್ನೇ ನೆಚ್ಚಿಕೊಂಡಿದ್ದರು. ಬಣ್ಣ, ಆಕಾರ ಎರಡೂ ಎಷ್ಟೋ ಸಲ ದಾರಿ ತಪ್ಪಿಸುತ್ತವೆ ಎಂದು ಡಿಎನ್‌ಎ ಪರೀಕ್ಷೆ ಬಂದ ಮೇಲೆ ಗೊತ್ತಾಯಿತು. ಪೊಡ್ಯಾಕ್ಸಿಸ್ ಎಂಬ ಅಣಬೆಯನ್ನೇ ನೋಡಿ. ಒಣ ನಾಡಿನ ಹುತ್ತಗಳ ಮೇಲೆ ಕೋಲಿನಂತೆ ಏಳುತ್ತದೆ, ಕೊಡೆ ಬಿಚ್ಚುವುದೇ ಇಲ್ಲ. ನೋಡಿದರೆ ಬಟನ್ ಅಣಬೆಯ ನೆಂಟ ಅನ್ನಿಸುವುದಿಲ್ಲ ಅಲ್ವಾ? ಆದರೆ ಅದೂ ಅಗಾರಿಕೇಸಿಯದೇ.

ನೀವು ಕೇಳಿದ ಹುತ್ತದ ಅಣಬೆ ಟರ್ಮಿಟೊಮೈಸಿಸ್. ಕೊಡೆ ಬಿಚ್ಚಿ ನಿಂತರೂ ಅದರ ಕುಟುಂಬವೇ ಬೇರೆ, ಲಯೊಫಿಲ್ಲೇಸಿ. ಗೆದ್ದಲು ಹುತ್ತದೊಳಗೆ ಅದನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅದಕ್ಕೇ ಅದರ ಕಾಲು ಉದ್ದ ಬೇರಿನಂತೆ ನೆಲದೊಳಗೆ ಗೆದ್ದಲ ಗೂಡಿನವರೆಗೆ ಇಳಿದಿರುತ್ತದೆ. ಹುತ್ತದ ಮೇಲೆ ಎದ್ದದ್ದೆಲ್ಲ ಇದೇ ಎಂದು ತಿಳಿಯಬೇಡಿ, ಪೊಡ್ಯಾಕ್ಸಿಸ್ ಕೂಡ ಅಲ್ಲೇ ಏಳುತ್ತದೆ.

ಕಾಗದದ ಮೇಲೆ ಹಸಿರು ಬಿದ್ದರೆ ಹಿತ್ತಲಿನವನ್ನೆಲ್ಲ ಕಿತ್ತು ಗುಂಡಿಗೆ ಹಾಕಿ ಮುಚ್ಚಿ. ಬೇರೆ ಬಣ್ಣ ಬಿದ್ದರೂ ತಿನ್ನಬೇಡಿ. ಯಾರಾದರೂ ಈಗಾಗಲೇ ತಿಂದಿದ್ದರೆ ಉಳಿದ ತುಂಡನ್ನೂ ಹಿಡಿದುಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಿ.