ಮನೆ ಹುಡುಕಿದ ಪೊಲೀಸರು ಯಾರಿಗೆ ಲೆಕ್ಕ ಕೊಡಬೇಕು?

ಪ್ರಶ್ನೆ: ವಕೀಲರೇ, ನಮಸ್ಕಾರ. ಮನೆಯಲ್ಲೇ ಎರಡು ಮಗ್ಗ ಇಟ್ಟುಕೊಂಡಿದ್ದೇವೆ. ಹೋದ ತಿಂಗಳು ಮೈದುನನ ಮೇಲಿನ ಕೇಸಿಗಾಗಿ ಪೊಲೀಸರು ಬಂದು ಮನೆಯೆಲ್ಲ ಹುಡುಕಿದರು. ಎರಡು ಮೊಬೈಲ್, ಒಂದು ಲೆಕ್ಕದ ವಹಿ ಒಯ್ದರು. ವಾರಂಟ್ ತೋರಿಸಲಿಲ್ಲ, ಒಂದು ಚೀಟಿಯನ್ನೂ ಕೊಡಲಿಲ್ಲ. ಇವರು ಯಾರಿಗೂ ವರದಿ ಮಾಡಬೇಕಿಲ್ವಾ?
– ಓದುಗರು, ಬೆಟಗೇರಿ

ಉತ್ತರ: ಮಾಡಲೇಬೇಕು, ತಂಗಿ. ವಾರಂಟ್ ಇಲ್ಲದೆ ಬಂದಿದ್ದಾರೆ ಎಂದ ಮಾತ್ರಕ್ಕೆ ಅದು ತಪ್ಪಾಗುವುದಿಲ್ಲ. ತಡವಾದರೆ ವಸ್ತು ಕೈತಪ್ಪುತ್ತದೆ ಎಂದಾದರೆ ತನಿಖಾಧಿಕಾರಿ ಹಾಗೆ ಹುಡುಕಬಹುದು. ಆದರೆ ಯಾಕೆ ಹುಡುಕಿದೆ ಎಂಬ ಕಾರಣವನ್ನು ಬರೆದಿಡಬೇಕು. ಅದರ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ನೀವು ಅರ್ಜಿ ಕೊಟ್ಟರೆ ಆ ಪ್ರತಿ ನಿಮಗೂ ಪುಕ್ಕಟೆ ಸಿಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಹೇಳುವುದು ಇದನ್ನೇ.

ವಾರಂಟ್ ಇರಲಿ, ಬಿಡಲಿ, ಇನ್ನೆರಡು ಮಾತು ತಪ್ಪುವಂತಿಲ್ಲ. ಶೋಧನೆಯ ವಿಡಿಯೋ ತೆಗೆದು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು (105ನೇ ಕಲಂ). ಇಬ್ಬರು ಪಂಚರ (ಶೋಧನೆಯ ಸಾಕ್ಷಿದಾರರ) ಸಹಿ ಇರುವ ಜಪ್ತಿ ಪಟ್ಟಿಯ ಪ್ರತಿಯನ್ನು ಮನೆಯವರ ಕೈಗೆ ಕೊಡಬೇಕು (103ನೇ ಕಲಂ). ನಿಮಗೆ ಸಿಗದೆ ಹೋದ ಚೀಟಿ ಇದೇ.

ಆ ಚೀಟಿ ಸುಮ್ನೆ ಅಲ್ಲ. ಧಾರವಾಡ ಕೋರ್ಟಿನಲ್ಲಿ ನಾನು ನಡೆಸಿದ ಒಂದು ಕೇಸಿನ ಪಂಚನಾಮೆಯಲ್ಲಿ 'ಕಪ್ಪು ಬಣ್ಣದ ಮೊಬೈಲ್ ಒಂದು' ಎಂದಷ್ಟೇ ಇತ್ತು. ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ, ಐಎಂಇಐ ನಂಬರ್, ಇಲ್ಲ. ನನ್ನ ಕಕ್ಷಿದಾರನ ಫೋನಿನ ಗಾಜು ಎಡಗಡೆ ಮೂಲೆಯಲ್ಲಿ ಸೀಳಿತ್ತು. ವಿಚಾರಣೆಯ ದಿನ ಲಕೋಟೆಯ ಅರಗು ಒಡೆದು ತೆಗೆದ ಫೋನಿನ ಗಾಜಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಆತ ಕಟಕಟೆಯಲ್ಲಿ ನಿಂತು 'ಇದು ನಂದಲ್ರೀ' ಎಂದ. ತೋರಿಸಲು ಕೈಯಲ್ಲಿ ಕಾಗದ ಇಲ್ಲ. ಅಂದಿನಿಂದ ಯಾರೇ ಬಂದರೂ ನಾನು ಮೊದಲು ಕೇಳುವುದು ಪಟ್ಟಿಯ ಪ್ರತಿ ಎಲ್ಲಿ ಎಂದೇ.

ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದಕ್ಕೆ. ಈ ವರದಿಗಳು ಒಂದೊಂದಾಗಿ ಆಯಾ ಕೇಸಿನ ಕಡತ ಸೇರುತ್ತವೆ. ವರ್ಷಕ್ಕೆ ಎಷ್ಟು ಮನೆ ಹುಡುಕಿದರು, ಎಷ್ಟು ಕಡೆ ಏನೂ ಸಿಗಲಿಲ್ಲ ಎಂದು ಕೂಡಿಸಿ ಜನರ ಮುಂದಿಡಿ ಎಂದು ಸಂಹಿತೆಯ ಯಾವ ಕಲಮೂ ಹೇಳುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2008ರಲ್ಲಿ ವಿಶೇಷ ಪಡೆಯ ಪೊಲೀಸರು ಏನೂ ತಪ್ಪು ಮಾಡದ ಒಬ್ಬ ಮೇಯರ್ ಮನೆಗೆ ನುಗ್ಗಿ ಎರಡು ನಾಯಿ ಕೊಂದರು. ಮರುವರ್ಷವೇ ಅಲ್ಲಿ ಕಾನೂನು ಬಂತು, 2014ರವರೆಗೆ ಜಾರಿಯಲ್ಲಿತ್ತು: ಇಂಥ ವಿಶೇಷ ಪಡೆಯ ಪ್ರತಿ ದಾಳಿಯ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಕೊಡಬೇಕು ಎಂದು. ಅಂಥ ಲೆಕ್ಕ ನಮ್ಮಲ್ಲೂ ಬೇಕು, ಅಲ್ವಾ? ಅಲ್ಲಿಯವರೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಎಸ್ಪಿ ಕಚೇರಿಗೆ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ನೀವು ಮಾತ್ರ ಮೊದಲು ಗದಗ ಕೋರ್ಟಿಗೆ ಹೋಗಿ. ಕೇಸು ಯಾವ ಮ್ಯಾಜಿಸ್ಟ್ರೇಟರ ಮುಂದಿದೆ ಎಂದು ವಿಚಾರಿಸಿ, ಶೋಧನೆಯ ದಾಖಲೆ ಮತ್ತು ಜಪ್ತಿ ಪಟ್ಟಿಯ ಪ್ರತಿಗೆ ಅರ್ಜಿ ಕೊಡಿ. ಪೊಲೀಸರು ಬಂದ ತಾರೀಖು, ವೇಳೆ, ಒಯ್ದ ಸಾಮಾನು ಬರೆಯಿರಿ. ಮೊಬೈಲ್ ಕೊಂಡಾಗಿನ ಡಬ್ಬಿ ಮನೆಯಲ್ಲಿದ್ದರೆ ಹುಡುಕಿ. ಐಎಂಇಐ ನಂಬರ್ ಅದರ ಮೇಲೇ ಇರುತ್ತದೆ.