‘ಬಿದ್ದು ಆದ ಪೆಟ್ಟು’

ಸಲಹಾರ್ಥಿಯ ಲಿಖಿತ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಇವರು ಮಲೆನಾಡು ಮೂಲದ ಕುಟುಂಬದವರು. ಒಂಬತ್ತನೆಯ ವಯಸ್ಸಿನಲ್ಲಿ ತಂದೆತಾಯಿಯರೊಂದಿಗೆ ಅಮೆರಿಕಕ್ಕೆ ಬಂದು, ಇಲ್ಲಿಯೇ ಓದಿ, ಇಪ್ಪತ್ತರ ಹರೆಯದಲ್ಲಿ ಇಲ್ಲಿನ ಸೇನೆಗೆ ವೈದ್ಯಕೀಯ ಸಹಾಯಕರಾಗಿ ಸೇರಿ, 2003ರ ಕೊನೆಯಿಂದ ಸುಮಾರು ಒಂದು ವರ್ಷ ಇರಾಕಿನಲ್ಲಿದ್ದರು. ಈಗ ವಯಸ್ಸು ನಲವತ್ತು ದಾಟಿದೆ. ಆಸ್ಪತ್ರೆಯೊಂದರಲ್ಲಿ ಕೆಲಸ, ಮನೆಯಲ್ಲಿ ಹೆಂಡತಿ ಮತ್ತು ಹನ್ನೆರಡು ವರ್ಷದ ಮಗ. ಮಗ ಎಂಜಿನಿಯರ್ ಆಗಬೇಕು, ಇಲ್ಲವಾದರೆ ಡಾಕ್ಟರ್ ಆಗಬೇಕು ಎಂಬ ಲೆಕ್ಕಾಚಾರದ ನಮ್ಮ ವಲಸಿಗ ಕುಟುಂಬಗಳಲ್ಲಿ ಸೇನೆಗೆ ಸೇರಿದ ಮಗನ ಸುದ್ದಿಯನ್ನು ನೆಂಟರಿಷ್ಟರಿಂದ ಮುಚ್ಚಿಡುವುದು ಹೊಸತಲ್ಲ. ಇವರ ಮನೆಯಲ್ಲೂ ಹಾಗೆಯೇ ಆಗಿತ್ತು. ಹೋದದ್ದೇ ಗೊತ್ತಿಲ್ಲದವರು ಮರಳಿ ಬಂದಾಗ ಅಲ್ಲಿ ಏನಾಯಿತೆಂದು ಕೇಳುವುದಾದರೂ ಹೇಗೆ?

2025ರ ಆರಂಭದಲ್ಲಿ ಅವರು ನನ್ನಲ್ಲಿಗೆ ಬಂದದ್ದು ಹೆಂಡತಿಯ ಒತ್ತಾಯದಿಂದ. ರಾತ್ರಿ ಮೂರು ಗಂಟೆಗೆ ಎದ್ದು ಗ್ಯಾರೇಜಿನಲ್ಲಿ ಕುಳಿತಿರುತ್ತಾರೆ, ಮಲಗಿರುವ ಮಗನ ಮಣಿಕಟ್ಟುಗಳನ್ನು ಮುಟ್ಟಿ ನೋಡುತ್ತಾರೆ, ಹಿತ್ತಲಿನ ಟೊಮೆಟೊ ಗಿಡಗಳಿಗೆ ಕೋಲು ಕಟ್ಟಲೆಂದು ಆಕೆ ತಂದಿಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಗಳ ಪೊಟ್ಟಣವನ್ನು ಕಸದ ಡಬ್ಬಿಗೆ ಎಸೆದು ಕಾರಣ ಹೇಳಲಿಲ್ಲ ಎಂದು ಆಕೆ ಹೇಳಿದರು. ಇಷ್ಟು ವರ್ಷ ಹೇಗೋ ಹಿಡಿತದಲ್ಲಿದ್ದದ್ದು ಸಡಿಲಗೊಂಡದ್ದಕ್ಕೆ ಒಂದು ಸುದ್ದಿ ನೆಪವಾಗಿತ್ತು. 2024ರ ನವೆಂಬರ್‌ನಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಲಯದ ಜ್ಯೂರಿಯೊಂದು, ಇರಾಕಿನಲ್ಲಿ ಅಮೆರಿಕದ ಸೇನೆ ನಡೆಸುತ್ತಿದ್ದ ಅಬು ಗ್ರೈಬ್ ಜೈಲಿನಲ್ಲಿ ಹಿಂಸೆಗೊಳಗಾದ ಮೂವರು ಇರಾಕಿಗಳಿಗೆ, ಅಲ್ಲಿಗೆ ವಿಚಾರಣೆಗಾರರನ್ನು ಒದಗಿಸಿದ್ದ ಸಿ.ಎ.ಸಿ.ಐ. ಎಂಬ ಗುತ್ತಿಗೆ ಕಂಪನಿ 4.2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಮಾನಿಸಿತು. ದಾವೆ ಹೂಡಿದ್ದು 2008ರಲ್ಲಿ. ಆ ಮೂವರಲ್ಲಿ ಒಬ್ಬರು ಶಾಲೆಯ ಮುಖ್ಯೋಪಾಧ್ಯಾಯರು, ಒಬ್ಬರು ಹಣ್ಣಿನ ವ್ಯಾಪಾರಿ, ಇನ್ನೊಬ್ಬರು ಪತ್ರಕರ್ತರು ಎಂದು ಓದಿದ ರಾತ್ರಿಯಿಂದ ತಮಗೆ ನಿದ್ದೆ ಹೋಯಿತೆಂದು ಸಲಹಾರ್ಥಿ ಹೇಳಿದರು.

ಇವರು ಇದ್ದದ್ದು ಅಬು ಗ್ರೈಬ್‌ನಲ್ಲಿ ಅಲ್ಲ, ಹೆಸರು ಹೇಳಬೇಕಿಲ್ಲದ ಒಂದು ಸಣ್ಣ ತಾತ್ಕಾಲಿಕ ಬಂಧನ ಕೇಂದ್ರದಲ್ಲಿ. ಮೊದಲ ಮೂರು ಭೇಟಿಗಳಲ್ಲಿ ಅವರು ಇಂಗ್ಲಿಷಿನಲ್ಲಿಯೇ ಮಾತನಾಡಿದರು, ಮತ್ತು ಅದು ವರದಿ ಓದಿದಂತೆ ಕೇಳಿಸುತ್ತಿತ್ತು: ‘ಸ್ಟ್ರೆಸ್ ಪೊಸಿಷನ್’, ‘ಸ್ಲೀಪ್ ಮ್ಯಾನೇಜ್‌ಮೆಂಟ್’, ‘ಸಾಫ್ಟನಿಂಗ್ ಅಪ್’. ನಾಲ್ಕನೆಯ ಭೇಟಿಯಲ್ಲಿ, ಇವನ್ನೇ ನಿಮ್ಮ ಅಮ್ಮನಿಗೆ ಹೇಳಬೇಕಾಗಿ ಬಂದರೆ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮೇಡಂ, ನನ್ನ ಕನ್ನಡ ಒಂಬತ್ತು ವರ್ಷದ ಹುಡುಗನ ಕನ್ನಡ. ಅದರಲ್ಲಿ ಆ ಪದಗಳೆಲ್ಲ ಇಲ್ಲ” ಎಂದರು. ಇಲ್ಲದ್ದೇ ಒಳ್ಳೆಯದಾಯಿತು. ಆ ದಿನ ಅವರು ಹೇಳಿದ್ದು ಇಷ್ಟು: ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಬಟ್ಟೆ ಬಿಚ್ಚಿಸಿ ತಣ್ಣೀರು ಹಾಕುತ್ತಿದ್ದರು. ತಲೆಗೆ ಚೀಲ ಹಾಕಿ, ಕೈಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲಿಸುತ್ತಿದ್ದರು.

ಒಂದು ರಾತ್ರಿ ಅವರ ಬಳಿಗೆ ಬಿಳಿ ಗಡ್ಡದ ಒಬ್ಬ ಕೈದಿಯನ್ನು ಕರೆತಂದರು. ಮಣಿಕಟ್ಟುಗಳು ಊದಿ, ಹೆಬ್ಬೆರಳು ಅಲುಗುತ್ತಿರಲಿಲ್ಲ. ಪಕ್ಕೆಯ ಮೇಲೆ ಕಂದುಗಟ್ಟಿದ ಗುರುತುಗಳಿದ್ದವು. ಇವರು ಗಾಯ ತೊಳೆದು, ಪಟ್ಟಿ ಕಟ್ಟಿ, ನೋವಿನ ಮಾತ್ರೆ ಕೊಟ್ಟರು. ನಮೂನೆಯಲ್ಲಿ ಕಾರಣ ಬರೆಯುವ ಜಾಗದಲ್ಲಿ, ಬಾಗಿಲಲ್ಲಿ ನಿಂತಿದ್ದ ಸಾರ್ಜೆಂಟ್ ಹೇಳಿದಂತೆ, ‘ಬಿದ್ದು ಆದ ಪೆಟ್ಟು’ ಎಂದು ಬರೆದು ಸಹಿ ಹಾಕಿದರು. ಕೈದಿಯನ್ನು ಅದೇ ಕೋಣೆಗೆ ಮರಳಿ ಕರೆದೊಯ್ದರು. ಎರಡು ದಿನಗಳ ನಂತರ ಆ ಮನುಷ್ಯ ಅಲ್ಲಿರಲಿಲ್ಲ. ಬೇರೆಡೆಗೆ ಸಾಗಿಸಿದರೋ, ಬಿಡುಗಡೆ ಮಾಡಿದರೋ, ಸತ್ತರೋ ಇವರಿಗೆ ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ, ಕೈಪಟ್ಟಿಯ ಮೇಲಿದ್ದ ಸಂಖ್ಯೆ ಮಾತ್ರ ನೆನಪಿದೆ.

ಇಂಥ ಸಲಹಾರ್ಥಿಗೆ ‘ನಿಮ್ಮ ತಪ್ಪೇನಿಲ್ಲ’ ಎಂದು ಹೇಳುವುದು ಸುಲಭ, ಮತ್ತು ಅದು ಸುಳ್ಳು. ಯುದ್ಧದಲ್ಲಿ ಸಾವಿನ ಭಯ ಅನುಭವಿಸಿದವರ ಆಘಾತವೇ ಬೇರೆ, ತಾನೇ ಸರಿಯೆಂದು ನಂಬಿದ್ದನ್ನು ಮುರಿದವರ ಅಥವಾ ಮುರಿಯುವುದನ್ನು ನೋಡಿ ಸುಮ್ಮನಿದ್ದವರ ನೋವೇ ಬೇರೆ. ಎರಡನೆಯದನ್ನು ನೈತಿಕ ಗಾಯ ಎಂದು ಕರೆಯುತ್ತಾರೆ. ಮೊದಲನೆಯದಕ್ಕೆ ‘ಈಗ ಅಪಾಯವಿಲ್ಲ’ ಎಂದು ಶರೀರಕ್ಕೆ ಕಲಿಸಬೇಕು. ಎರಡನೆಯದರಲ್ಲಿ ಮನಸ್ಸು ಹೇಳುತ್ತಿರುವುದರಲ್ಲಿ ನಿಜ ಎಷ್ಟು ಎಂದು ತೂಗಿ ನೋಡಬೇಕಾಗುತ್ತದೆ, ಏಕೆಂದರೆ ಅಲ್ಲಿ ನಿಜ ಸ್ವಲ್ಪವಾದರೂ ಇದ್ದೇ ಇರುತ್ತದೆ.

ತೂಗಲು ಹೊರಟಾಗ ಇವರು ಎಲ್ಲವನ್ನೂ ತಮ್ಮ ತಟ್ಟೆಗೇ ಹಾಕಿಕೊಂಡರು. ಇದು ಅವರೊಬ್ಬರ ಸ್ವಭಾವ ಮಾತ್ರವಲ್ಲ, ಸೇನೆಯಲ್ಲಿ ಹೊಣೆ ಹಂಚಿಕೆಯಾದ ರೀತಿಯೂ ಹಾಗೆಯೇ ಇತ್ತು ಎಂಬುದನ್ನು ನಾವು ಸಾರ್ವಜನಿಕ ದಾಖಲೆಗಳ ಮೂಲಕವೇ ನೋಡಿದೆವು. ಅಬು ಗ್ರೈಬ್ ಪ್ರಕರಣದಲ್ಲಿ ಸಿಪಾಯಿ ದರ್ಜೆಯ ಚಾರ್ಲ್ಸ್ ಗ್ರೇನರ್‌ಗೆ 10 ವರ್ಷ, ಸಾರ್ಜೆಂಟ್ ಇವಾನ್ ಫ್ರೆಡ್ರಿಕ್‌ಗೆ 8 ವರ್ಷ, ಲಿಂಡಿ ಇಂಗ್ಲೆಂಡ್‌ಗೆ 3 ವರ್ಷ ಸೆರೆವಾಸದ ಶಿಕ್ಷೆಯಾಯಿತು. ಸೇನಾ ಪೊಲೀಸ್ ಬ್ರಿಗೇಡಿನ ಮುಖ್ಯಸ್ಥೆ ಜ್ಯಾನಿಸ್ ಕಾರ್ಪಿನ್‌ಸ್ಕಿ ಬ್ರಿಗೇಡಿಯರ್ ಜನರಲ್ ಹುದ್ದೆಯಿಂದ ಕರ್ನಲ್ ಹುದ್ದೆಗೆ ಇಳಿದರು. ಗುಪ್ತಚರ ಬ್ರಿಗೇಡಿನ ಕರ್ನಲ್ ಥಾಮಸ್ ಪಪ್ಪಾಸ್ 8,000 ಡಾಲರ್ ದಂಡ ತೆತ್ತರು. ಕೋರ್ಟ್ ಮಾರ್ಷಲ್ ಎದುರಿಸಿದ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಸ್ಟೀವನ್ ಜೋರ್ಡನ್ ಒಬ್ಬರೇ. ಅವರ ಮೇಲೆ ಕೊನೆಗೆ ಉಳಿದದ್ದು ತನಿಖೆಯ ಬಗ್ಗೆ ಮಾತನಾಡಬಾರದೆಂಬ ಆದೇಶ ಮೀರಿದ ಆರೋಪ, ಅದೂ 2008ರಲ್ಲಿ ರದ್ದಾಯಿತು. ವಿಚಾರಣೆಗೆ ಅನುಕೂಲವಾಗುವಂತೆ ಕೈದಿಗಳನ್ನು ‘ಸಿದ್ಧಪಡಿಸುವ’ ಕೆಲಸಕ್ಕೆ ಕಾವಲು ಸಿಪಾಯಿಗಳನ್ನು ಬಳಸಿಕೊಳ್ಳಲಾಗಿತ್ತು ಎಂದು ಮೇಜರ್ ಜನರಲ್ ಆಂಟೋನಿಯೊ ಟಗುಬಾ 2004ರಲ್ಲಿಯೇ ವರದಿ ಮಾಡಿದ್ದರು. ಬಳಸಿಕೊಂಡವರ ಹೆಸರು ಕೆಳಗಿನವರ ಹೆಸರಿನಷ್ಟು ಜನಕ್ಕೆ ಗೊತ್ತಾಗಲಿಲ್ಲ.

ಕಾನೂನು ಹೀಗೆ ಹೇಳುವುದಿಲ್ಲ. ಯುದ್ಧಕೈದಿಗಳು ಅವರನ್ನು ಹಿಡಿದ ಸೈನಿಕರ ವಶದಲ್ಲಲ್ಲ, ಶತ್ರು ರಾಷ್ಟ್ರದ ವಶದಲ್ಲಿರುತ್ತಾರೆ, ಆದ್ದರಿಂದ ವ್ಯಕ್ತಿಗಳ ಹೊಣೆ ಏನೇ ಇದ್ದರೂ ಆ ರಾಷ್ಟ್ರ ಹೊಣೆಗಾರ ಎಂಬುದು 1949ರ ಮೂರನೆಯ ಜಿನೀವಾ ಒಪ್ಪಂದದ ಮಾತು. ಕೈದಿ ಸೈನಿಕನಲ್ಲದೆ ನಾಗರಿಕನಾಗಿದ್ದರೆ ನಾಲ್ಕನೆಯ ಒಪ್ಪಂದ ಅವನನ್ನು ಕಾಯುತ್ತದೆ. ಕೈಕೆಳಗಿನವರನ್ನು ಹತೋಟಿಯಲ್ಲಿಡದ ದಂಡನಾಯಕನೂ ಅಪರಾಧಿಯಾಗಬಹುದು ಎಂಬ ತತ್ತ್ವದ ಮೇಲೆ ಜಪಾನಿನ ಜನರಲ್ ಯಮಾಶಿತನನ್ನು 1946ರ ಫೆಬ್ರುವರಿಯಲ್ಲಿ ಗಲ್ಲಿಗೇರಿಸಿದ್ದು ಇದೇ ಅಮೆರಿಕದ ಸೇನಾ ನ್ಯಾಯಮಂಡಳಿಯ ತೀರ್ಪಿನಂತೆ. ಇದನ್ನು ಸಲಹಾರ್ಥಿಗೆ ಹೇಳಿದಾಗ ಅವರು ಕಹಿಯಾಗಿ ನಕ್ಕರು. ನಾನೂ ನಕ್ಕೆ ಎಂದು ಒಪ್ಪಿಕೊಳ್ಳಬೇಕು. ವೃತ್ತಿಧರ್ಮದ ಪ್ರಕಾರ ನಗಬಾರದಿತ್ತೇನೋ.

ಆದರೆ ಮೇಲಿನವರ ಪಾಲು ದೊಡ್ಡದೆಂದು ಕಂಡಾಗ ನಮ್ಮ ಪಾಲು ಸೊನ್ನೆಯಾಗುವುದಿಲ್ಲ. ಅಬು ಗ್ರೈಬ್ ಕುರಿತ ಸೇನೆಯದೇ ತನಿಖೆಯಾದ ಫೇ ವರದಿ, ವೈದ್ಯಕೀಯ ಸಿಬ್ಬಂದಿ ಕಣ್ಣಾರೆ ಕಂಡದ್ದನ್ನು ಮೇಲಕ್ಕೆ ತಿಳಿಸದ ಪ್ರಸಂಗಗಳನ್ನೂ ಗುರುತಿಸಿತ್ತು. ಸಲಹಾರ್ಥಿಯನ್ನು ಬಿಡದೆ ಕಾಡುತ್ತಿದ್ದುದು ಆ ಸಾಲು. “ನಾನು ಡಾರ್ಬಿ ಆಗಬೇಕಿತ್ತು” ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. 2004ರ ಜನವರಿಯಲ್ಲಿ ಅಬು ಗ್ರೈಬ್‌ನಲ್ಲಿ ಕೈದಿಗಳನ್ನು ಹಿಂಸಿಸುತ್ತಿದ್ದ ಚಿತ್ರಗಳ ಸಿ.ಡಿ.ಯನ್ನು ಸೇನೆಯ ಅಪರಾಧ ತನಿಖಾ ವಿಭಾಗಕ್ಕೆ ಕೊಟ್ಟ ಸೈನಿಕ ಜೋ ಡಾರ್ಬಿ. ಹೆಸರು ಗೋಪ್ಯವಾಗಿರುತ್ತದೆ ಎಂಬ ಭರವಸೆಯಿದ್ದರೂ, ಅದೇ ಮೇ ತಿಂಗಳಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಟಿ.ವಿ.ಯಲ್ಲಿ ಪ್ರಸಾರವಾಗುತ್ತಿದ್ದ ಸಂಸತ್ತಿನ ವಿಚಾರಣೆಯಲ್ಲಿ ಆತನ ಹೆಸರು ಹೇಳಿಬಿಟ್ಟರು; ಡಾರ್ಬಿ ತನ್ನೂರಿಗೆ ಮರಳಿ ಬಾಳಲಾಗಲಿಲ್ಲ. ಕ್ಯಾಪ್ಟನ್ ಇಯಾನ್ ಫಿಶ್‌ಬ್ಯಾಕ್ ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಸ್ಪಷ್ಟ ಉತ್ತರ ಕೇಳುತ್ತ 17 ತಿಂಗಳು ಮೇಲಧಿಕಾರಿಗಳ ಬಾಗಿಲು ತಟ್ಟಿ, ಕೊನೆಗೆ 2005ರ ಸೆಪ್ಟೆಂಬರ್‌ನಲ್ಲಿ ಸೆನೆಟರ್ ಮೆಕೇನ್ ಅವರಿಗೆ ಪತ್ರ ಬರೆದರು. ಕೈದಿಗಳ ಮೇಲಿನ ಕ್ರೌರ್ಯವನ್ನು ನಿಷೇಧಿಸುವ ಮೆಕೇನ್ ತಿದ್ದುಪಡಿಗೆ ಸೆನೆಟ್‌ನಲ್ಲಿ 90 ಮತಗಳು ಬಿದ್ದವು. ಆ ಫಿಶ್‌ಬ್ಯಾಕ್ 2021ರಲ್ಲಿ, ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತ, ಆರೈಕೆ ಮನೆಯೊಂದರಲ್ಲಿ ತೀರಿಕೊಂಡರು. ಸತ್ಯ ಹೇಳಿದವರಿಗೂ ನೆಮ್ಮದಿ ಖಾತ್ರಿಯಿರಲಿಲ್ಲ ಎಂದು ನಾನು ಹೇಳಿದ್ದು ಅವರ ಮೌನವನ್ನು ಸಮರ್ಥಿಸಲು ಅಲ್ಲ. ಇಪ್ಪತ್ತೆರಡು ವರ್ಷದ ಆ ಹುಡುಗನೆದುರು ಇದ್ದ ಆಯ್ಕೆಯ ಬೆಲೆ ಎಷ್ಟಿತ್ತೆಂದು ಇವತ್ತಿನ ಅವರಿಗೆ ಕಾಣಬೇಕಿತ್ತು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಮೊದಲ ದಿನವೇ ಕೊಟ್ಟದ್ದು, ಅದಕ್ಕೂ ಈ ಚರ್ಚೆಗೂ ಸಂಬಂಧವಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ, ಬರುತ್ತದೆ ಎಂದರು. ಗ್ಯಾರೇಜಿನಲ್ಲಿ ಪಿಸ್ತೂಲು ಇತ್ತು. ಅದನ್ನು ಅವತ್ತೇ ಬೀಗ ಹಾಕಿ ಭಾವಮೈದುನನ ಮನೆಯಲ್ಲಿಡಬೇಕು, ಬೀಗದ ಕೈ ಇವರ ಬಳಿ ಇರಬಾರದು, ಯೋಚನೆ ಬಲವಾದ ರಾತ್ರಿ 988ಕ್ಕೆ ಕರೆಮಾಡಿ 1 ಒತ್ತಿದರೆ ಮಾಜಿ ಸೈನಿಕರ ಸಹಾಯವಾಣಿ ಸಿಗುತ್ತದೆ ಎಂದು ಹೇಳಿ, ಹೆಂಡತಿಯನ್ನೂ ಕರೆಸಿ ಅದನ್ನು ಒಪ್ಪಿಸಿದೆ.

ಎರಡನೆಯದು ಬರೆಯುವ ಕೆಲಸ: ತಾನು ಮಾಡಿದ್ದು, ಕಣ್ಣಾರೆ ಕಂಡದ್ದು, ಇತರರಿಂದ ಕೇಳಿದ್ದು, ತಾನೇ ಊಹಿಸಿಕೊಂಡದ್ದು, ಇವುಗಳಿಗೆ ಬೇರೆ ಬೇರೆ ಹಾಳೆ. ಆ ಮನುಷ್ಯ ಸತ್ತನೆಂಬುದು ನಾಲ್ಕನೆಯ ಹಾಳೆಯಲ್ಲಿತ್ತು; ಇಪ್ಪತ್ತು ವರ್ಷ ಅದನ್ನು ಅವರು ಎರಡನೆಯ ಹಾಳೆಯ ವಿಷಯವೆಂಬಂತೆ ಹೊತ್ತಿದ್ದರು. ಬದುಕಿದ್ದಾನೆ ಎಂದು ನಂಬಿಸಲು ನನಗೂ ಹಕ್ಕಿಲ್ಲ ಎಂದು ಹೇಳಿ ಆ ಜಾಗವನ್ನು ಖಾಲಿಯಾಗಿಯೇ ಬಿಟ್ಟೆವು.

ಈಗ ದೂರು ಕೊಡಬೇಕೇ ಎಂಬ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಆ ಹಾಳೆಗಳನ್ನು ಯಾರಿಗೂ ಕಳಿಸುವ ಮೊದಲು, ಎಲ್ಲಿಯೂ ಪ್ರಕಟಿಸುವ ಮೊದಲು, ಸೇನಾ ಕಾನೂನು ಬಲ್ಲ ಸ್ವತಂತ್ರ ವಕೀಲರನ್ನು ಕಾಣಬೇಕು, ಏಕೆಂದರೆ ಹೇಳಿಕೆಯಿಂದ ತಮಗೇ ಏನಾಗಬಹುದೆಂದು ತಿಳಿದು ಹೇಳುವುದು ಬೇರೆ, ದುಡುಕಿ ಹೇಳುವುದು ಬೇರೆ ಎಂದೆ. ನನ್ನ ಟಿಪ್ಪಣಿಗಳ ಗೋಪ್ಯತೆಗೂ ಮಿತಿಗಳಿವೆ ಎಂಬುದನ್ನು ತಿಳಿಸಿದೆ. ಕೈಪಟ್ಟಿಯ ಸಂಖ್ಯೆಯ ಮೂಲಕ ಆ ಕೈದಿಯ ಸುಳಿವು ಹುಡುಕಬಹುದೇ ಎಂಬುದನ್ನೂ, ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯನ್ನು ಸಂಪರ್ಕಿಸುವುದನ್ನೂ ವಕೀಲರ ಮೂಲಕವೇ ವಿಚಾರಿಸಲು ಸೂಚಿಸಿದೆ.

ಅವರ ತಾಯಿಗೆ ವಿಷಯ ಅರ್ಧ ತಿಳಿದಾಗ, “ಊರಿಗೆ ಹೋಗಿ ಒಂದು ಶಾಂತಿ ಮಾಡಿಸಿಕೊಂಡು ಬರೋಣ ಬಾ ಕಂದ” ಎಂದರಂತೆ. ಹೋಗಿ ಬನ್ನಿ, ಅಮ್ಮನ ಮನಸ್ಸಿಗೂ ಅದು ಬೇಕು, ಆದರೆ ನಮ್ಮ ಹಳಬರ ಪ್ರಾಯಶ್ಚಿತ್ತದಲ್ಲಿ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು ಮೊದಲು ಬರುತ್ತದೆ, ಅದನ್ನು ಬಿಟ್ಟು ಪೂಜೆಗೆ ಮಾತ್ರ ಹೋಗಬೇಡಿ ಎಂದೆ.

ಹದಿಮೂರನೆಯ ಭೇಟಿಯ ಹೊತ್ತಿಗೆ ಅವರು ವಕೀಲರನ್ನು ಎರಡು ಬಾರಿ ಕಂಡಿದ್ದರು. ಪಿಸ್ತೂಲು ಭಾವಮೈದುನನ ಮನೆಯಲ್ಲೇ ಇತ್ತು. ವಾರದಲ್ಲಿ ಮೂರು ನಾಲ್ಕು ರಾತ್ರಿ ನಿದ್ದೆ ಬರುತ್ತಿತ್ತು, ಉಳಿದ ರಾತ್ರಿ ಇಲ್ಲ. ಆ ದಿನ ಮೊದಲ ಹಾಳೆಯನ್ನು ಕನ್ನಡದಲ್ಲಿ ಬರೆದು ತಂದಿದ್ದರು. ಇಂಗ್ಲಿಷಿನಲ್ಲಿ ಬರೆದಾಗ ಯಾರು ಕಟ್ಟಿದರೆಂದು ಹೇಳದೆಯೂ ವಾಕ್ಯ ಮುಗಿಯುತ್ತಿತ್ತು, ತಾವು ಆಡುವ ಕನ್ನಡದಲ್ಲಿ ಹಾಗೆ ಬರೆಯಲು ಬರುವುದಿಲ್ಲ ಎಂದರು. ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: ‘ಅವನು ಬಿದ್ದಿರಲಿಲ್ಲ. ನಮ್ಮವರು ಅವನ ಕೈ ಕಟಿದ್ದರು. ಬಿದ್ದ ಅಂತ ನಾನು ಬರೆದೆ.’ ಬರೆದದ್ದು ಸರಿಯಾಗಿದೆಯೇ ಎಂದು ಕೇಳಿದರು. ‘ಕಟ್ಟಿದ್ದರು’ ಎಂಬಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ ಎಂದು ತೋರಿಸಿದೆ. ನನ್ನ ಪೆನ್ನು ತೆಗೆದುಕೊಂಡು ಅದನ್ನು ಸೇರಿಸಿದರು.